ಶಾಂಪೇನ್ ಬಾಟಲಿ: ಸಾಮಾನ್ಯವೋ, ಮ್ಯಾಗ್ನಮ್ಮೋ, ಜೆರೊಬೋಮೋ?

ಇಪ್ಪತ್ತು ಮಂದಿಯ ಔತಣಕ್ಕೆ ಯಾವ ಬಾಟಲಿ ತರಲಿ ಎಂದು ಕೇಳಿದ್ದೀರಿ. ಮೊದಲು ಲೆಕ್ಕ: 125 ಮಿಲಿಲೀಟರ್ ಲೋಟದಲ್ಲಿ ಸಾಮಾನ್ಯ 750ರ ಬಾಟಲಿ ಆರು ಲೋಟ, ಒಂದೂವರೆ ಲೀಟರಿನ ಮ್ಯಾಗ್ನಮ್ ಹನ್ನೆರಡು, ಮೂರು ಲೀಟರಿನ ಜೆರೊಬೋಮ್ ಇಪ್ಪತ್ತನಾಲ್ಕು.

ಹಣ ಮುಖ್ಯವಾದರೆ ಸಾಮಾನ್ಯ ಬಾಟಲಿಯೇ ಸರಿ. ಮ್ಯಾಗ್ನಮ್‌ಗೆ ಹಲವು ಸಲ ಎರಡು ಬಾಟಲಿಗಿಂತ ಹೆಚ್ಚು ಬೆಲೆ ತೆರಬೇಕು. ಆದರೆ ಕೆಲವು ವರ್ಷ ಇಡುವ ಯೋಚನೆಯಿದ್ದರೆ ನನ್ನ ಒಲವು ಮ್ಯಾಗ್ನಮ್ ಕಡೆಗೆ. ಕತ್ತಿನ ಅಗಲ ಹೆಚ್ಚು ಬದಲಾಗದೆ ಒಳಗಿನ ವೈನ್ ಮಾತ್ರ ಇಮ್ಮಡಿಯಾಗುವುದರಿಂದ, ಪ್ರತಿ ಗುಟುಕಿಗೆ ತಾಗುವ ಆಮ್ಲಜನಕ ಕಡಿಮೆ. ವೈನ್ ನಿಧಾನವಾಗಿ ಪಕ್ವವಾಗುತ್ತದೆ.

ಜೆರೊಬೋಮ್ ಮೇಜಿನ ಶೋಭೆಗೆ. ಕನ್ನಡ ಬೈಬಲ್ಲಿನ ಯಾರೊಬ್ಬಾಮ ಅರಸನೇ ಈ ಹೆಸರಿನ ಮೂಲ. ಒಂದು ಕೈಯನ್ನು ತಳಕ್ಕೂ ಇನ್ನೊಂದನ್ನು ಕತ್ತಿಗೂ ಕೊಟ್ಟು ಲೋಟಕ್ಕೆ ಬಗ್ಗಿಸಬೇಕು. ಮನೆಯ ಫ್ರಿಜ್ಜಿನಲ್ಲಿ ನಿಲ್ಲದು, ಐಸ್ ತುಂಬಿದ ದೊಡ್ಡ ಟಬ್ ಬೇಕು. ಫ್ರಾನ್ಸಿನ ಬೋರ್ಡೋ ಪ್ರದೇಶದ ವೈನ್ ಕೊಳ್ಳುವಾಗ ಎಚ್ಚರ: ಅಲ್ಲಿ ಮೂರು ಲೀಟರಿಗೆ ಡಬಲ್ ಮ್ಯಾಗ್ನಮ್ ಎನ್ನುತ್ತಾರೆ, ಜೆರೊಬೋಮ್ ಅದಕ್ಕಿಂತ ದೊಡ್ಡದು.

ಅತಿಥಿಗಳು ಒಬ್ಬೊಬ್ಬರಾಗಿ ಬರುವುದಾದರೆ ಚಿಕ್ಕ ಬಾಟಲಿಗಳನ್ನು ಒಂದೊಂದಾಗಿ ತೆರೆಯಿರಿ, ನೊರೆ ಇಳಿಯುವುದಿಲ್ಲ.