ತಂಡದ ಆಟ ಒಗ್ಗದ ಹದಿಹರೆಯದವರಿಗೆ ಕರಾಟೆ: ತರಗತಿಯಲ್ಲಿ ಏನನ್ನು ನೋಡಬೇಕು?

ಫುಟ್‌ಬಾಲ್‌ನಲ್ಲಿ ಒಂದು ತಂಡದಿಂದ ಅಂಗಳಕ್ಕಿಳಿಯುವವರು 11 ಮಂದಿ. ಉಳಿದವರು ಹೊರಗೆ ಕೂತು ನೋಡಬೇಕು. ಕರಾಟೆಯಲ್ಲಿ ಹಾಗೆ ಕೂರುವವರಿಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಮಕ್ಕಳು ಅದೇ ಹೊಡೆತವನ್ನು ಅಷ್ಟೇ ಸಲ ಅಭ್ಯಾಸ ಮಾಡುತ್ತಾರೆ. ತಂಡಕ್ಕೆ ಆಯ್ಕೆಯಾಗದೆ ಆಟದಿಂದಲೇ ದೂರವಾದ ಹುಡುಗ ಹುಡುಗಿಯರಿಗೆ ನಾವು ಇದನ್ನು ಧೈರ್ಯವಾಗಿ ಸೂಚಿಸುತ್ತೇವೆ. ಆದರೆ ತರಗತಿ ಸರಿಯಿರಬೇಕು. ಕಲಿಕೆ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಮೊಣಕಾಲಿಗೆ.

ಕಲಿಕೆಯಲ್ಲಿ ಮೂರು ಭಾಗ: ಮೂಲ ಹೊಡೆತ, ಒದೆತ, ತಡೆಗಳ ಕಿಹೊನ್, ಕ್ರಮ ತಪ್ಪದೆ ಒಬ್ಬರೇ ಮಾಡುವ ಚಲನೆಗಳ ಸರಣಿಯಾದ ಕಾತಾ, ಜೋಡಿಯಾಗಿ ಕಾದಾಡುವ ಕುಮಿತೆ. ಶೋಟೋಕಾನ್ ಶೈಲಿಯ ಆರಂಭದ ಕಾತಾ ಹೇಯಾನ್ ಶೋದಾನ್‌ನಲ್ಲಿ 21 ಚಲನೆಗಳಿವೆ. ಎಡವಿದರೆ ಬೈಯುವ ತಂಡವಿಲ್ಲ, ಸರಿಯಾಗಿ ಮುಗಿಸಿದರೆ ಗಳಿಕೆ ಪೂರ್ತಿ ತನ್ನದು. ಸಂಕೋಚದ ಮಕ್ಕಳು ಇಲ್ಲಿ ಅರಳುವುದು ಇದಕ್ಕೇ.

ಶುಲ್ಕ ಕಟ್ಟುವ ಮೊದಲು ಒಂದು ತರಗತಿಯನ್ನು ಪೂರ್ತಿ ಕೂತು ನೋಡಿ. ಕೈಗಳನ್ನಲ್ಲ, ಕಾಲುಗಳನ್ನು ನೋಡಿ. ಝೆನ್‌ಕುತ್ಸು-ದಾಚಿ ಎಂಬ ಮುಂಬಾಗಿದ ನಿಲುವಿನಲ್ಲಿ ಎರಡು ಪಾದಗಳ ನಡುವೆ ಸೊಂಟದಷ್ಟು ಅಗಲ ಇರಬೇಕು, ಮುಂದಿನ ಮೊಣಕಾಲು ಕಾಲ್ಬೆರಳುಗಳ ದಿಕ್ಕಿಗೇ ಬಾಗಬೇಕು. ಹೊಸಬರು ಹಗ್ಗದ ಮೇಲೆ ನಡೆದಂತೆ ಪಾದಗಳನ್ನು ಒಂದೇ ಗೆರೆಯಲ್ಲಿ ಇಡುತ್ತಾರೆ. ಆಗ ಸಮತೋಲನ ತಪ್ಪಿ ಮೊಣಕಾಲು ಒಳಕ್ಕೆ ವಾಲುತ್ತದೆ, ತಿರುಗುವಾಗ ತಿರುಚುತ್ತದೆ. ಮುಂದೆ ನಿಂತು ‘ಇಚಿ, ನಿ, ಸಾನ್’ ಎಂದು ಎಣಿಸುವುದಷ್ಟೇ ಗುರುವಿನ ಕೆಲಸವಲ್ಲ. ಸಾಲುಗಳ ನಡುವೆ ಓಡಾಡಿ ಇದನ್ನು ತಿದ್ದುತ್ತಿರಬೇಕು. ಮುಷ್ಟಿಯದೂ ಹಾಗೆಯೇ: ಹೆಬ್ಬೆರಳು ಮಡಚಿದ ಬೆರಳುಗಳ ಹೊರಗಿರಬೇಕು, ಮಣಿಕಟ್ಟು ನೆಟ್ಟಗಿರಬೇಕು, ಪೆಟ್ಟು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ ಬೀಳಬೇಕು. ಹೆಬ್ಬೆರಳನ್ನು ಒಳಗೆ ಮುಚ್ಚಿಕೊಂಡು ಗುದ್ದಿದರೆ ಅದೇ ಮುರಿಯಬಹುದು.

ಹದಿಹರೆಯದಲ್ಲಿ ಇನ್ನೊಂದು ಎಚ್ಚರ ಬೇಕು. ಎತ್ತರ ಸರಸರನೆ ಏರುವ ತಿಂಗಳುಗಳಲ್ಲಿ ಸ್ನಾಯುಗಳು ಬಿಗಿಯುತ್ತವೆ, ಮಂಡಿಚಿಪ್ಪಿನ ಕೆಳಗೆ ಮೂಳೆಗೆ ಸ್ನಾಯುರಜ್ಜು ಅಂಟುವ ಜಾಗದಲ್ಲಿ ನೋವು ಕಾಣಿಸಿಕೊಳ್ಳಬಹುದು. ಆಗ ಆಳವಾದ ನಿಲುವು ಮತ್ತು ಜಿಗಿದು ಒದೆಯುವುದನ್ನು ತಗ್ಗಿಸಬೇಕು. ‘ನೋವು ಸಹಿಸಿಕೋ’ ಎನ್ನುವವರು, ಹೆಗಲು ಒತ್ತಿ ಕಾಲು ಅಗಲಿಸುವವರು, ಗಟ್ಟಿ ನೆಲದ ಮೇಲೆ ಗೆಣ್ಣೂರಿ ದಂಡ ಹೊಡೆಸುವವರು ಬೇಡವೇ ಬೇಡ.

ಕುಮಿತೆ ಹಂತಹಂತವಾಗಿ ಬರಬೇಕು. ಮೊದಲು ಯಾರು ಎಲ್ಲಿಗೆ ಹೊಡೆಯುತ್ತಾರೆಂದು ಮುಂಚೆಯೇ ಗೊತ್ತಿರುವ ಐದು ಹೆಜ್ಜೆಯ ಅಭ್ಯಾಸ, ಆಮೇಲೆ ಒಂದು ಹೆಜ್ಜೆಯದು, ಬಹಳ ತಡವಾಗಿ ಮುಕ್ತ ಕಾದಾಟ. ಸೇರಿದ ಕೆಲವೇ ವಾರಕ್ಕೆ ಮುಕ್ತ ಕಾದಾಟಕ್ಕೆ ಬಿಟ್ಟರೆ ಮಕ್ಕಳು ಕಣ್ಣು ಮುಚ್ಚಿ ಕೈ ಬೀಸುತ್ತಾರೆ, ಕಲಿತದ್ದೂ ಮರೆಯುತ್ತದೆ. ಕೈಗವಸು, ಹಲ್ಲಿನ ಕವಚ, ಮೊಣಕಾಲಿನ ಕೆಳಗಿನ ಪ್ಯಾಡ್ ಇಲ್ಲದೆ ಅದಕ್ಕೆ ಇಳಿಯಬಾರದು. ಕೈಗವಸು ಚರ್ಮ ಸುಲಿಯುವುದನ್ನು ತಡೆಯುತ್ತದೆಯೇ ಹೊರತು ಮಿದುಳಿನ ಅಲುಗಾಟವನ್ನಲ್ಲ. ತಲೆಗೆ ಪೆಟ್ಟಾಗಿ ತಲೆಸುತ್ತು ಬಂದರೆ ಆ ದಿನ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಸಮವಸ್ತ್ರಕ್ಕೆ ಮೊದಲಿಗೆ ತೆಳು ಬಟ್ಟೆಯದೇ ಸಾಕು. ಹತ್ತಿಯದಾದರೆ ಒಗೆದಾಗ ಕುಗ್ಗುತ್ತದೆ, ತುಸು ಉದ್ದದ್ದೇ ಕೊಳ್ಳಿ.

ಬೆಲ್ಟ್ ವಿಷಯದಲ್ಲಿ ಮರುಳಾಗಬೇಡಿ. ಬಿಳಿಯಿಂದ ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಒಂಬತ್ತು ಹತ್ತು ಮೆಟ್ಟಿಲು, ಹಲವು ವರ್ಷಗಳ ದಾರಿ. ಒಂದೇ ವರ್ಷದಲ್ಲಿ ಕೊಡಿಸುತ್ತೇವೆ ಎಂದವರು ಪ್ರಮಾಣಪತ್ರ ಮಾರುತ್ತಿದ್ದಾರೆ. ಪ್ರತಿ ಪರೀಕ್ಷೆಗೂ ಬೇರೆ ಶುಲ್ಕವಿದೆಯೇ, ತಯಾರಾಗದ ಮಗುವನ್ನು ಅದೇ ಬೆಲ್ಟಿನಲ್ಲಿ ಉಳಿಸುತ್ತಾರೆಯೇ ಎಂದು ಕೇಳಿ. ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ನಂಬಬಹುದು. ಒಲಿಂಪಿಕ್ಸ್ ಕನಸಿದ್ದರೆ ಇದೂ ತಿಳಿದಿರಲಿ: 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಕರಾಟೆ ಇತ್ತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ.

ಕೊರತೆಯೂ ಇದೆ. ಪಾಸ್ ಕೊಡುವ, ಇನ್ನೊಬ್ಬರ ಓಟವನ್ನು ಊಹಿಸುವ ಕೌಶಲ ಇಲ್ಲಿ ಬೆಳೆಯದು. ದಮ್ಮಿನ ವಿಷಯದಲ್ಲೂ ಅಷ್ಟೆ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ; ವಾರಕ್ಕೆ ಎರಡು ತರಗತಿ ಅದನ್ನು ತುಂಬಲಾರದು. ಉಳಿದ ದಿನಗಳಿಗೆ ಓಟ, ಈಜು ಅಥವಾ ಸೈಕಲ್ ಜೊತೆಗಿರಲಿ.