ಒಂದು ಒರಿಜಿನಲ್ ಬ್ಯಾಟರಿಯೋ, ಎರಡು ಅಗ್ಗದ್ದೋ? ನಾಲ್ಕು ವರ್ಷ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾಗೆ ಇನ್ನೊಂದು ಬ್ಯಾಟರಿ ಬೇಕು ಅಂತ ಯಾರು ಕೇಳಿದರೂ ನಾನು ಕಂಪನಿಯ ಒರಿಜಿನಲ್ಲನ್ನೇ ತಗೊಳ್ಳಿ ಅನ್ನುತ್ತೇನೆ. ಅಗ್ಗದ್ದು ಎರಡು ಬೇಡ, ಒರಿಜಿನಲ್ ಒಂದು ಸಾಕು. ಈಗ ದುಡ್ಡಿಲ್ಲದಿದ್ದರೆ ಎರಡು ತಿಂಗಳು ಕಾಯಿರಿ, ಪರವಾಗಿಲ್ಲ. ಇದನ್ನು ಕಲಿಯೋಕೆ ನನಗೆ ಗುಡವಿ ಪಕ್ಷಿಧಾಮದಲ್ಲಿ ಒಂದು ಇಡೀ ಬೆಳಿಗ್ಗೆ ಹೋಯಿತು, ಮೇಲೆ ಕ್ಯಾಮೆರಾ ರಿಪೇರಿಯ ಖರ್ಚು ಬೇರೆ.

ನನ್ನದು ಕ್ಯಾನನ್ 80ಡಿ. ಮನೆ ಸಾಗರದಲ್ಲಿ. ಭಾನುವಾರ ಹಕ್ಕಿ ಹುಡುಕಿಕೊಂಡು ಹೋಗುತ್ತೇನೆ, ನಡುನಡುವೆ ನೆಂಟರ ಮನೆಯ ನಾಮಕರಣ, ಗೃಹಪ್ರವೇಶ. ಈ ನಾಲ್ಕು ವರ್ಷದಲ್ಲಿ ಮೂರು ಬಗೆಯ ಬ್ಯಾಟರಿ ಬಳಸಿದ್ದೇನೆ. ಕ್ಯಾಮೆರಾ ಜೊತೆಗೇ ಬಂದ ಎಲ್‌ಪಿ-ಇ6ಎನ್ ಒಂದು. ಆನ್‌ಲೈನಿನಲ್ಲಿ ಜೋಡಿಗೆ ಸಾವಿರದ ಮುನ್ನೂರು ಕೊಟ್ಟು ತರಿಸಿದ ಅಗ್ಗದವು ಎರಡು. ಆಮೇಲೆ ಒಂದಕ್ಕೇ ಎರಡು ಸಾವಿರದ ಹತ್ತಿರ ಬಿದ್ದ ಮಧ್ಯಮ ಬೆಲೆಯದ್ದು ಒಂದು. ಫ್ಲಾಶಿಗೆ ಹಾಕುವ ಎಎ ಸೆಲ್ಲುಗಳ ಕಥೆ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅಗ್ಗದ್ದರ, ಮಧ್ಯಮದ್ದರ ಬ್ರ್ಯಾಂಡ್ ಹೆಸರು ಹಾಕುವುದಿಲ್ಲ. ಒಂದೇ ಹೆಸರಿನಲ್ಲಿ ಹತ್ತು ತರಹದ ಮಾಲು ಬರುತ್ತದೆ.

ಗುಡವಿಯಲ್ಲಿ ಆಗಿದ್ದು ಇಷ್ಟು. ಜುಲೈ ಕೊನೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕೆರೆಯ ಮರಗಳ ತುಂಬ ಬಿಳಿ ಕೆಂಬರಲು ಗೂಡು ಕಟ್ಟಿದ್ದವು. ಬೆಳಿಗ್ಗೆ ಆರೂವರೆಗೆ ಅಗ್ಗದ ಬ್ಯಾಟರಿ ಹಾಕಿಕೊಂಡು ಶುರು ಮಾಡಿದೆ. ಒಳಗೆ ಹೋಗುವಾಗ ಸ್ವಲ್ಪ ಬಿಗಿ ಅನಿಸಿತು, ಬೆರಳಿನಿಂದ ಒತ್ತಿದೆ, ಕೂತಿತು. ಒಂದಷ್ಟು ಫೋಟೊ ತೆಗೆದೆ. ತಾಯಿ ಹಕ್ಕಿ ಮರಿಗೆ ಉಣ್ಣಿಸೋದು ಕಂಡಿತು ಅಂತ ಹತ್ತು ನಿಮಿಷ ವಿಡಿಯೊ ಮಾಡಿದೆ. ಅಷ್ಟಕ್ಕೇ ಬ್ಯಾಟರಿ ಖಾಲಿ. ಒರಿಜಿನಲ್ ಹಾಕೋಣ ಅಂತ ತಳದ ಬಾಗಿಲು ತೆಗೆದು ಒಳಗಿನ ಕೊಂಡಿ ಸರಿಸಿದೆ. ಮಾಮೂಲಿಯಾಗಿ ಕೊಂಡಿ ಸರಿಸಿದ ಕೂಡಲೇ ಸ್ಪ್ರಿಂಗು ಬ್ಯಾಟರಿಯನ್ನು ಟಕ್ ಅಂತ ಮೇಲೆ ತಳ್ಳುತ್ತದೆ. ಅವತ್ತು ಅದು ಅಲ್ಲಾಡಲೇ ಇಲ್ಲ.

ಕ್ಯಾಮೆರಾ ತಲೆಕೆಳಗೆ ಮಾಡಿ ಅಂಗೈಗೆ ತಟ್ಟಿದೆ. ಉಗುರು ಹಾಕಿ ಎಳೆಯೋಣ ಅಂದರೆ ಹಿಡಿಯೋಕೆ ಅಂಚೇ ಸಿಗುವುದಿಲ್ಲ. ಜೊತೆಗಿದ್ದ ಗೆಳೆಯ ಬೈಕಿನ ಟೂಲ್ ಕಿಟ್ಟಿನಿಂದ ಸ್ಕ್ರೂಡ್ರೈವರ್ ತಂದ. ಮೀಟೋದು ಬೇಡ ಅಂದೆ. ಲಿಥಿಯಂ ಸೆಲ್ಲಿನೊಳಗೆ ಲೋಹದ ತುದಿ ಚುಚ್ಚಿದರೆ ಅಲ್ಲೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬ್ಯಾಟರಿ ಒಳಗಿಟ್ಟುಕೊಂಡೇ, ಬಾಗಿಲು ತೆರೆದೇ, ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ ವಾಪಸ್ ಬಂದೆವು. ಚೀಲದಲ್ಲಿ ಫುಲ್ ಚಾರ್ಜಿನ ಒರಿಜಿನಲ್ ಸುಮ್ನೆ ಕೂತಿತ್ತು. ಅವತ್ತಿನ ಬೆಳಕೂ ಚೆನ್ನಾಗಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಶಿವಮೊಗ್ಗದ ರಿಪೇರಿ ಅಂಗಡಿಯವರು ತಳದ ಕವರಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ, ನಿಧಾನವಾಗಿ ಬ್ಯಾಟರಿ ಹೊರತೆಗೆದರು. ಮೇಜಿನ ಗಾಜಿನ ಮೇಲೆ ಅದನ್ನು ಮಲಗಿಸಿ ಒಂದು ಮೂಲೆಗೆ ಬೆರಳು ತಾಗಿಸಿದರು. ಬ್ಯಾಟರಿ ಬುಗುರಿ ಹಾಗೆ ಅರ್ಧ ಸುತ್ತು ತಿರುಗಿತು. ಪಕ್ಕದಲ್ಲಿ ನನ್ನ ಒರಿಜಿನಲ್ ಇಟ್ಟು ಹಾಗೇ ತಟ್ಟಿದರು. ಅದು ಜರುಗಿತು ಅಷ್ಟೆ, ತಿರುಗಲಿಲ್ಲ. “ನೋಡಿ ಸರ್, ಕಣ್ಣಿಗೆ ಕಾಣಲ್ಲ, ಹೊಟ್ಟೆ ಬಂದಿದೆ” ಅಂದರು. ನಿಜ, ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತಿದ್ದವು. ಇದೊಂದು ಪರೀಕ್ಷೆ ನಿಮ್ಮ ಮನೆಯ ಬ್ಯಾಟರಿಗಳಿಗೆಲ್ಲ ಇವತ್ತೇ ಮಾಡಿ ನೋಡಿ. ಸಪಾಟಾದ ಗಾಜೋ ಗ್ರಾನೈಟೋ ಇದ್ದರೆ ಸಾಕು. ಎರಡೂ ಮಗ್ಗುಲು ನೋಡಿ. ತಿರುಗಿದರೆ ಅದನ್ನು ಮತ್ತೆ ಕ್ಯಾಮೆರಾಗೂ ಹಾಕಬೇಡಿ, ಚಾರ್ಜರಿಗೂ ಹಾಕಬೇಡಿ.

ಯಾಕೆ ಉಬ್ಬಿತು? ಸೆಲ್ಲಿನೊಳಗಿನ ದ್ರಾವಣ ಕೆಟ್ಟು ಗ್ಯಾಸ್ ಆಗುತ್ತದೆ, ಹೋಗೋಕೆ ದಾರಿ ಇರುವುದಿಲ್ಲ, ಗೋಡೆಯನ್ನು ಹೊರಗೆ ತಳ್ಳುತ್ತದೆ. ಹಾಗೆ ಕೆಡುವುದಕ್ಕೆ ದೊಡ್ಡ ಕಾರಣ ಎರಡು: ಬಿಸಿ, ಮತ್ತು ಫುಲ್ ಚಾರ್ಜಿನಲ್ಲೇ ದಿನಗಟ್ಟಲೆ ಇಡುವುದು. ನನ್ನ ಚೀಲ ಎರಡನ್ನೂ ಕಂಡಿತ್ತು. ಮೇ ತಿಂಗಳಲ್ಲಿ ಹಂಪಿಗೆ ಹೋದಾಗ ಬದಲಿ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಚೀಲದಲ್ಲಿಟ್ಟಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ನಿಂತಿತ್ತು, ಚೀಲ ಹಿಂದಿನ ಸೀಟಿನಲ್ಲಿತ್ತು. ವಾಪಸ್ ಬಂದು ಬಾಗಿಲು ತೆಗೆದಾಗ ಸೀಟ್ ಬೆಲ್ಟಿನ ಬಕಲ್ ಮುಟ್ಟೋಕಾಗಲಿಲ್ಲ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಒರಿಜಿನಲ್ ಕೂಡ ಅದೇ ಚೀಲದಲ್ಲಿ, ಅದೇ ಸೀಟಿನಲ್ಲಿ, ಅದೇ ಫುಲ್ ಚಾರ್ಜಿನಲ್ಲಿ ಇತ್ತಲ್ವಾ? ವಯಸ್ಸಿನಲ್ಲೂ ಅದೇ ಹಿರಿಯ. ಅದಕ್ಕೆ ಏನೂ ಆಗಲಿಲ್ಲ. ನನಗೆ ಈ ಹೋಲಿಕೆ ಅಲ್ಲೇ ಮುಗಿದಿತ್ತು.

ಫೋಟೊ ಲೆಕ್ಕ ಬೇಕಾದವರಿಗೆ: ಒರಿಜಿನಲ್ ಮೇಲೆ 1865 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಇದೆ, ಅಗ್ಗದ್ದರ ಮೇಲೆ 2600 ಅಂತ ಇತ್ತು. ಒರಿಜಿನಲ್ಲಿನಲ್ಲಿ ನನಗೆ ಒಂದು ಚಾರ್ಜಿಗೆ ಎಂಟುನೂರರ ಮೇಲೆ ಬರುತ್ತದೆ. ಅಗ್ಗದ್ದು ಹೊಸದರಲ್ಲೇ ನಾನೂರೈವತ್ತು ದಾಟಲಿಲ್ಲ, ವರ್ಷ ಕಳೆಯುವಾಗ ಇನ್ನೂರಕ್ಕೆ ಬಂತು. ಮಧ್ಯಮದ್ದು ಆರುನೂರೈವತ್ತರ ಹತ್ತಿರ. ಲೇಬಲ್ಲಿನ ನಂಬರ್ ನೋಡಿ ಕೊಳ್ಳಬೇಡಿ.

ಒರಿಜಿನಲ್ಲಿನ ಇನ್ನೊಂದು ಲಾಭ ಜಾಸ್ತಿ ಜನಕ್ಕೆ ಗೊತ್ತಿಲ್ಲ. 80ಡಿ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ಅಂತ ಒಂದು ಪುಟ ಇದೆ. ಎಷ್ಟು ಶೇಕಡಾ ಉಳಿದಿದೆ, ಈ ಚಾರ್ಜಿನಲ್ಲಿ ಎಷ್ಟು ಫೋಟೊ ತೆಗೆದಿದ್ದೀರಿ, ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ, ಎಲ್ಲ ತೋರಿಸುತ್ತದೆ. ವಯಸ್ಸಿಗೆ ಮೂರು ಗೀಟು: ಮೂರೂ ಹಸಿರಾಗಿದ್ದರೆ ಗಟ್ಟಿ, ಒಂದೇ ಉಳಿದು ಕೆಂಪಾದರೆ ಹೊಸದು ತರುವ ಕಾಲ. ನನ್ನ ನಾಲ್ಕು ವರ್ಷದ ಒರಿಜಿನಲ್ ಈಗ ಎರಡರಲ್ಲಿದೆ. ಹೀಗೆ ಆರು ಬ್ಯಾಟರಿವರೆಗೆ ರಿಜಿಸ್ಟರ್ ಮಾಡಬಹುದು. ಯಾವುದನ್ನು ಕೊನೆಗೆ ಯಾವಾಗ ಬಳಸಿದ್ದು ಅನ್ನುವ ದಿನಾಂಕ ಕೂಡ ಸಿಗುತ್ತದೆ. ಅಗ್ಗದ್ದು ಹಾಕಿದರೆ ಈ ಬ್ಯಾಟರಿ ಜೊತೆ ಮಾತಾಡೋಕೆ ಆಗುತ್ತಿಲ್ಲ, ಆದರೂ ಬಳಸಲಾ ಅಂತ ಕ್ಯಾಮೆರಾ ಕೇಳುತ್ತಿತ್ತು. ಹೌದು ಅಂದರೆ ನಡೆಯುತ್ತದೆ. ಆದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸ್ಕ್ರೀನ್ ಕಪ್ಪಾದರೆ, ಆ ಗಳಿಗೆ ಮತ್ತೆ ಬರಲ್ಲ. ಮಧ್ಯಮದ್ದರಲ್ಲಿ ಕ್ಯಾಮೆರಾ ಜೊತೆ ಮಾತಾಡುವ ಚಿಪ್ ಇದೆ, ಶೇಕಡಾ ತೋರಿಸುತ್ತದೆ, ಆದರೆ ನಲವತ್ತರಿಂದ ಒಮ್ಮೆಗೇ ಹತ್ತಕ್ಕೆ ಇಳಿಯುತ್ತದೆ.

ಇನ್ನು ಚಾರ್ಜರ್. ಅಗ್ಗದ ಜೋಡಿಯ ಜೊತೆ ಎರಡು ಬ್ಯಾಟರಿ ಕೂರುವ ಯುಎಸ್‌ಬಿ ಚಾರ್ಜರ್ ಬಂದಿತ್ತು. ಪ್ರಯಾಣಕ್ಕೆ ಅನುಕೂಲ ನಿಜ, ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ. ಆದರೆ ಚಾರ್ಜ್ ಆಗುವಾಗ ಮುಟ್ಟಿದರೆ ಸುಡುತ್ತಿತ್ತು. ಕ್ಯಾನನ್ನಿನ ಎಲ್‌ಸಿ-ಇ6 ಚಾರ್ಜರ್ ಒಂದು ಸಲಕ್ಕೆ ಒಂದನ್ನೇ ಚಾರ್ಜ್ ಮಾಡುತ್ತದೆ, ಖಾಲಿಯಿಂದ ಫುಲ್‌ಗೆ ಎರಡೂವರೆ ಗಂಟೆ ಬೇಕು. ಆದರೂ ನನಗೆ ಅದೇ ಇಷ್ಟ, ಕಾರಣ ಅದರ ದೀಪ. ಅರ್ಧದ ಒಳಗಿದ್ದರೆ ಕಿತ್ತಳೆ ದೀಪ ಒಂದೊಂದು ಸಲ ಮಿನುಗುತ್ತದೆ. ಅರ್ಧ ದಾಟಿದ ಕೂಡಲೇ ಎರಡೆರಡು ಸಲ. ಮುಕ್ಕಾಲು ದಾಟಿದರೆ ಮೂರು ಮೂರು ಸಲ. ಫುಲ್ ಆದಾಗ ಹಸಿರು.

ಈ ಎರಡು ಸಲದ ಮಿನುಗು ನನ್ನ ಇಡೀ ಪದ್ಧತಿಯನ್ನೇ ಬದಲಿಸಿತು. ಲಿಥಿಯಂ ಬ್ಯಾಟರಿಯನ್ನು ವಾರಗಟ್ಟಲೆ ಎತ್ತಿಡುವುದಾದರೆ ಸುಮಾರು ಅರ್ಧ ಚಾರ್ಜಿನಲ್ಲಿ ಇಡಬೇಕು. ಪೂರ್ತಿ ತುಂಬಿಸಿಟ್ಟರೆ ಬೇಗ ಮುದಿಯಾಗುತ್ತದೆ, ಪೂರ್ತಿ ಖಾಲಿ ಮಾಡಿ ಮರೆತರೆ ಮತ್ತೆ ಏಳುವುದೇ ಇಲ್ಲ. ಹಾಗಾಗಿ ಭಾನುವಾರ ರಾತ್ರಿ ಚಾರ್ಜಿಗೆ ಹಾಕುತ್ತೇನೆ, ಎರಡೆರಡು ಮಿನುಗಲು ಶುರುವಾದರೆ ತೆಗೆದಿಡುತ್ತೇನೆ. ಮುಂದಿನ ಶನಿವಾರ ಸಂಜೆ ಪೂರ್ತಿ ಮಾಡುತ್ತೇನೆ. ರಾತ್ರಿಯಿಡೀ ಪ್ಲಗ್ಗಿನಲ್ಲಿ ಬಿಟ್ಟು ಮಲಗುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಲೇ ಇರುತ್ತದೆ, ಎದ್ದಿರುವಾಗ ಕಣ್ಣೆದುರಿಗೇ ಆಗಲಿ.

ಇಡುವ ಜಾಗದ ವಿಷಯದಲ್ಲೂ ಮೂರು ನಾಲ್ಕು ದಾರಿ ನೋಡಿದೆ. ಕ್ಯಾಮೆರಾ ಒಳಗೇ ಬಿಟ್ಟರೆ ಆಫ್ ಮಾಡಿದ್ದರೂ ಸಣ್ಣಗೆ ಕರೆಂಟು ಎಳೆಯುತ್ತಿರುತ್ತದೆ. ಚೀಲದ ಜಿಪ್ ಜೇಬು ಬೇಡವೇ ಬೇಡ. ಅಲ್ಲಿ ಚಿಲ್ಲರೆ, ಬೀಗದಕೈ, ಟ್ರೈಪಾಡಿನ ಸ್ಕ್ರೂ ಎಲ್ಲ ಇರುತ್ತವೆ. ಒಂದು ಲೋಹದ ಚೂರು ಬ್ಯಾಟರಿಯ ಎರಡು ಕಾಂಟ್ಯಾಕ್ಟಿಗೆ (ಕರೆಂಟು ಹರಿಯುವ ಲೋಹದ ಪಟ್ಟಿಗಳಿಗೆ) ಅಡ್ಡ ಬಿದ್ದರೆ ಸಾಕು, ಶಾರ್ಟ್ ಆಗುತ್ತದೆ. ಫ್ರಿಜ್ಜಿನಲ್ಲಿಡಿ ಅಂತ ಒಬ್ಬರು ಹೇಳಿದರು ಅಂತ ಒಂದು ತಿಂಗಳು ಇಟ್ಟೆ. ಜೂನಿನಲ್ಲಿ ಹೊರಗೆ ತೆಗೆದ ಎರಡೇ ನಿಮಿಷಕ್ಕೆ ಕಾಂಟ್ಯಾಕ್ಟಿನ ಮೇಲೆ ನೀರಿನ ಹನಿ ಕೂತಿತು. ಮಲೆನಾಡಿನ ಗಾಳಿಗೆ ಅದು ಸರಿಹೋಗಲ್ಲ. ಈಗ ನೂರೈವತ್ತು ರೂಪಾಯಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ. ಅಡುಗೆಮನೆಯಿಂದ ದೂರ, ಬಿಸಿಲು ಬೀಳದ ಗೋಡೆಯ ಕಪಾಟಿನ ಕೆಳಗಿನ ಹಲಗೆ.

ಒರಿಜಿನಲ್ ಜೊತೆ ಬರುವ ಪುಟ್ಟ ಮುಚ್ಚಳವನ್ನು ದಯವಿಟ್ಟು ಎಸೆಯಬೇಡಿ. ಶಾರ್ಟ್ ಆಗದಂತೆ ಕಾಯುವುದೇ ಅದು. ಅದರಲ್ಲಿ ಬ್ಯಾಟರಿ ಆಕಾರದ ಕಿಂಡಿಯೂ ಇದೆ. ಒಂದು ಕಡೆ ತಿರುಗಿಸಿ ಹಾಕಿದರೆ ಕಿಂಡಿಯಲ್ಲಿ ನೀಲಿ ಕಾಣುತ್ತದೆ, ಇನ್ನೊಂದು ಕಡೆ ಹಾಕಿದರೆ ಕಾಣುವುದಿಲ್ಲ. ನೀಲಿ ಕಂಡರೆ ಚಾರ್ಜ್ ಆಗಿದೆ ಅಂತ ಲೆಕ್ಕ. ಅಗ್ಗದವಕ್ಕೆ ಮುಚ್ಚಳವೇ ಬಂದಿರಲಿಲ್ಲ.

ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಎಲ್‌ಪಿ-ಇ6ಎನ್ 14 ವ್ಯಾಟ್-ಅವರ್ (ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯ ಅಳತೆ), ಮಿತಿ 100. ಮುಚ್ಚಳ ಹಾಕಿಟ್ಟುಕೊಳ್ಳಿ, ಅಷ್ಟೆ.

ಫ್ಲಾಶಿನ ಸೆಲ್ಲಿಗೆ ಬರೋಣ. ಇಲ್ಲಿ ನನ್ನ ಆಯ್ಕೆ ಪ್ಯಾನಸಾನಿಕ್ಕಿನ ಬಿಳಿ ಎನೆಲೂಪ್, ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್. 2005ರಲ್ಲಿ ಸ್ಯಾನ್ಯೋ ತಂದಿದ್ದು, ಈಗ ಪ್ಯಾನಸಾನಿಕ್ ಕೈಯಲ್ಲಿದೆ. ಮೊದಲು ನನ್ನ ಹತ್ತಿರ 2700 ಅಂತ ಬರೆದಿದ್ದ ಮಾಮೂಲಿ ನಿಕಲ್ ಸೆಲ್ಲುಗಳಿದ್ದವು. ಚಾರ್ಜ್ ಮಾಡಿ ಮೂರು ವಾರ ಇಟ್ಟು ಹಾಕಿದರೆ ಹದಿನೈದು ಇಪ್ಪತ್ತು ಫ್ಲಾಶಿಗೆ ಸುಸ್ತು. ಎನೆಲೂಪ್ 2000ದ್ದೇ ಆದರೂ, ಆಷಾಢಕ್ಕೆ ಮುಂಚೆ ಚಾರ್ಜ್ ಮಾಡಿ ಮರೆತಿದ್ದನ್ನು ಶ್ರಾವಣದ ಗೃಹಪ್ರವೇಶಕ್ಕೆ ಹಾಕಿದೆ, ಇಡೀ ಕಾರ್ಯಕ್ರಮ ಎಳೆಯಿತು. ಕಪ್ಪು ಬಣ್ಣದ ಪ್ರೊ ಜಾಸ್ತಿ ಹಿಡಿಯುತ್ತದೆ, ಆದರೆ ಬಿಳಿಯದಕ್ಕೆ ಕಂಪನಿ 2100 ಸಲ ಚಾರ್ಜ್ ಅಂದರೆ ಅದಕ್ಕೆ 500. ನನಗೆ ಬಿಳಿಯದೇ ಸಾಕು. ಇವನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿಲ್ಲ, ತುಂಬಿಸಿಯೇ ಇಡಬಹುದು. ನಾಲ್ಕನ್ನೂ ಒಂದು ಸೆಟ್ ಮಾಡಿ ಪೆನ್ನಿನಲ್ಲಿ ಗುರುತು ಹಾಕಿ. ಹಳೆಯದು ಹೊಸದು ಬೆರೆಸಿದರೆ ಸೊರಗಿದ ಒಂದು ಸೆಲ್ ಮೊದಲು ಖಾಲಿಯಾಗಿ, ಉಳಿದ ಮೂರು ಅದನ್ನು ಉಲ್ಟಾ ತಳ್ಳಿ ಕೆಡಿಸುತ್ತವೆ. ಚಾರ್ಜರ್ ಕೊಳ್ಳುವಾಗ ಒಂದೊಂದು ಸೆಲ್ಲಿಗೂ ಬೇರೆ ದೀಪ ಇರುವುದನ್ನೇ ನೋಡಿ ತಗೊಳ್ಳಿ.

ತಿಂಗಳಿಗೆ ಒಂದೆರಡು ಸಲ ಕ್ಯಾಮೆರಾ ಹಿಡಿಯುವವರಿಗೆ ಎರಡನೇ ಬ್ಯಾಟರಿಯೇ ಬೇಡ, ಇರುವ ಒಂದನ್ನು ಸರಿಯಾಗಿ ನೋಡಿಕೊಂಡರೆ ಸಾಕು. ದಿನವಿಡೀ ಮದುವೆ ಮಾಡುವವರಿಗೆ ನಾಲ್ಕೈದು ಬೇಕು, ಎಲ್ಲ ಒರಿಜಿನಲ್ಲೇ ಅಂದರೆ ಕೈಗೆ ಭಾರ. ಅಂಥವರು ಚಿಪ್ ಇರುವ ಮಧ್ಯಮದ್ದನ್ನು ಬದಲಿಗೆ ಇಟ್ಟುಕೊಂಡು, ತಿಂಗಳಿಗೊಮ್ಮೆ ಗಾಜಿನ ಮೇಲೆ ತಿರುಗಿಸಿ ನೋಡಲಿ. ನನಗೆ ಭಾನುವಾರದ ಲೆಕ್ಕಕ್ಕೆ ಎರಡು ಒರಿಜಿನಲ್ ಸಾಕು. ಎರಡನೆಯದಕ್ಕೆ ಆರು ಸಾವಿರದ ಹತ್ತಿರ ಕೊಟ್ಟೆ. ರಿಪೇರಿ ಬಿಲ್ಲಿಗೆ ಅಗ್ಗದ ಜೋಡಿಯ ಬೆಲೆ ಸೇರಿಸಿದರೆ ಅದರ ಅರ್ಧಕ್ಕಿಂತ ಜಾಸ್ತಿ ಆಗಲೇ ಹೋಗಿತ್ತು.

ಉಬ್ಬಿದ್ದನ್ನು ಕಸದ ಗಾಡಿಗೆ ಹಾಕಲಿಲ್ಲ. ಗಾಡಿಯಲ್ಲಿ ಒತ್ತಿ ತುಂಬುವಾಗ ಅದು ಹೊತ್ತಿಕೊಂಡರೆ ಅಲ್ಲಿ ಕೆಲಸ ಮಾಡುವವರ ಕೈ ಸುಡುತ್ತದೆ. ಕಾಂಟ್ಯಾಕ್ಟಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಮರಳು ತುಂಬಿದ ಹಳೇ ಮಣ್ಣಿನ ಕುಂಡದಲ್ಲಿ ಹೂತು, ಮಳೆ ಬೀಳದ ಜಗಲಿಯ ತುದಿಯಲ್ಲಿ ಇಟ್ಟಿದ್ದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರ ಮೇಲಿದೆ, ಆದರೆ ಆ ಅಗ್ಗದ್ದರ ಡಬ್ಬದ ಮೇಲೆ ತಯಾರಕರ ವಿಳಾಸವೇ ಇರಲಿಲ್ಲ. ಬೆಂಗಳೂರಿಗೆ ಹೋದಾಗ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟು ಬಂದೆ. ಅದರ ಜೋಡಿಯನ್ನೂ ಗಾಜಿನ ಮೇಲೆ ಇಟ್ಟು ನೋಡಿದ್ದೆ. ಅದು ಸ್ವಲ್ಪವೇ ತಿರುಗಿತು. ಅದನ್ನೂ ಜೊತೆಗೆ ಕೊಟ್ಟೆ.