ಅಮೆರಿಕಕ್ಕೆ ಹೊರಟವರಿಗೆ: ಎಸ್ಸೆಮ್ಮೆಸ್ಸೋ, ವಾಟ್ಸಾಪ್ಪೋ?
ಅಮೆರಿಕದಲ್ಲಿ ದಂತವೈದ್ಯರ ಅಪಾಯಿಂಟ್‌ಮೆಂಟೂ ನೆರೆಯವರ ಮಾತುಕತೆಯೂ ಹೆಚ್ಚಾಗಿ ಮಾಮೂಲಿ ಟೆಕ್ಸ್ಟ್‌ನಲ್ಲೇ. ಅಲ್ಲಿನ ಮಾಸಿಕ ಪ್ಲಾನ್‌ಗಳಲ್ಲಿ ಅಪರಿಮಿತ ಎಸ್ಸೆಮ್ಮೆಸ್ ಬೇಗನೆ ಸೇರಿಹೋಯಿತು, ಬೇರೆ ಆ್ಯಪ್ ಹುಡುಕುವ ಅಗತ್ಯ ಬೀಳಲಿಲ್ಲ.

ನಮ್ಮಲ್ಲಿ ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುತ್ತಿರಲಿಲ್ಲ. ಶುಭಾಶಯಕ್ಕೂ ಪೂರ್ತಿ ದರ! 2011ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ದಿನಕ್ಕೆ 100 ಎಸ್ಸೆಮ್ಮೆಸ್ಸಿನ ಮಿತಿಯನ್ನೂ ಹಾಕಿತು. ಮೇಲಾಗಿ ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡ ಲಿಪಿಗೆ ಬರೀ 70. ಅದರಲ್ಲೂ ‘ಕ್ಷಿ’ ಒಂದಕ್ಕೇ ನಾಲ್ಕು ಅಕ್ಷರದ ಜಾಗ ಖರ್ಚು. ವಾಟ್ಸಾಪ್ ಬಂದಾಗ ಜನ ಅತ್ತ ವಾಲಿದ್ದು ಸಹಜ.

ಊರಿನವರ ಜೊತೆ ವಾಟ್ಸಾಪ್ ಇರಲಿ, ಹಳೆಯ ನಂಬರಿನಲ್ಲೇ. ಆದರೆ ಆ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬೇಡಿ, ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ. ಇಲ್ಲವಾದರೆ ಬ್ಯಾಂಕ್ ಓಟಿಪಿ ಬಾರದು. ಫೋನ್ ಬದಲಿಸಿದಾಗ ವಾಟ್ಸಾಪ್ ಕೋಡ್ ಕೂಡ. ಅಲ್ಲಿನವರಿಗೆ ಮಾತ್ರ ಅಲ್ಲಿನ ನಂಬರೇ ಕೊಡಿ.

ಐಫೋನ್–ಆಂಡ್ರಾಯ್ಡ್ ನಡುವೆ ಹಳೆಯ ಚಿತ್ರ-ವಿಡಿಯೋ ಮೆಸೇಜ್ ಪದ್ಧತಿಯಾದ ಎಂಎಂಎಸ್‌ನಲ್ಲಿ ಹೋದ ವಿಡಿಯೋ ಮಸುಕಾಗುತ್ತದೆ. 2024ರ ಐಫೋನ್ ತಂತ್ರಾಂಶ ಐಓಎಸ್ 18ರಿಂದ ಎಸ್ಸೆಮ್ಮೆಸ್ಸಿನ ಸುಧಾರಿತ ರೂಪವಾದ ಆರ್‌ಸಿಎಸ್ ಬಂದು ಇದು ಸುಧಾರಿಸಿದೆ, ಆದರೆ ನಿಮ್ಮ ಮೊಬೈಲ್ ಕಂಪನಿಯ ಬೆಂಬಲವೂ ಬೇಕು. ಐಫೋನ್ ಬಿಟ್ಟು ಆಂಡ್ರಾಯ್ಡಿಗೆ ಹೋಗುವವರು ಮೊದಲು ಐಫೋನಿನದೇ ಮೆಸೇಜ್ ಸೇವೆ ಐಮೆಸೇಜ್ ಆಫ್ ಮಾಡಿ. ಮರೆತರೆ ಐಫೋನ್ ಗೆಳೆಯರ ಮೆಸೇಜು ನಿಮಗೆ ತಲುಪದೆ ಹೋಗಬಹುದು.